ಪಿಕಳಾರ ಕೇಳುವವರಿಗೆ

ಹಕ್ಕಿಹಾಡಿನ ರುಚಿ ಹತ್ತಿಸಿಕೊಳ್ಳಬೇಕೆನ್ನುವವರು ಮೊದಲು ಕೋಗಿಲೆಯನ್ನೋ ಮಡಿವಾಳ ಹಕ್ಕಿಯನ್ನೋ ಹುಡುಕಿ ಹೊರಡುತ್ತಾರೆ. ನನ್ನನ್ನು ಕೇಳಿದರೆ ಪಿಕಳಾರದಿಂದ ಶುರುಮಾಡಿ. ನಂಜನಗೂಡಿನಿಂದ ಕಪಿಲೆ ಕಾವೇರಿಯನ್ನು ಸೇರುವ ತಿ. ನರಸೀಪುರದವರೆಗೆ ಹಿತ್ತಿಲು, ತೋಟದ ಬೇಲಿ, ಕರೆಂಟು ತಂತಿ, ಎಲ್ಲೆಲ್ಲೂ ಇದು ಇದೆ. ದುರ್ಬೀನೂ ಬೇಡ.

ಊರೊಳಗೆ ಕಾಣುವುದು ಮುಖ್ಯವಾಗಿ ಎರಡು ಬಗೆ. ಮಸಿಬಣ್ಣದ ತಲೆ, ಗಿಡ್ಡ ಜುಟ್ಟು, ಬಾಲದಡಿ ಕೆಂಪು ಇರುವುದು ಒಂದು. ಜುಟ್ಟು ಚೂಪಾಗಿ ನೆಟ್ಟಗೆ ನಿಂತು, ಬಿಳಿ ಕೆನ್ನೆಯ ಮೇಲೆ ಕೆಂಪು ಚುಕ್ಕೆ ಇದ್ದರೆ ಅದು ಕೆಮ್ಮೀಸೆ ಪಿಕಳಾರ. ಬಾಲದಡಿಯ ಕೆಂಪು ಅದಕ್ಕೂ ಉಂಟು; ಆದ್ದರಿಂದ ಬಾಲ ಬಿಟ್ಟು ಜುಟ್ಟು ನೋಡಿ. ಗಂಡು ಹೆಣ್ಣು ಒಂದೇ ಥರ, ಗುರುತಿಸಲು ಹೆಣಗಬೇಡಿ.

ಹಾಡಿನಲ್ಲಿ ಆಲಾಪನೆ ಬಯಸಬೇಡಿ. ಮೂರ್ನಾಲ್ಕು ಸ್ವರದ ಒಂದು ತುಣುಕು, ಅದನ್ನೇ ತುಸು ತಿರುಚಿ ಮತ್ತೆ ಮತ್ತೆ, ಅಷ್ಟೆ. ಕೆಮ್ಮೀಸೆಯದು ಹೆಚ್ಚು ಲವಲವಿಕೆಯ ಕಂಠ. ಆದರೂ ನನಗೆ ಹಾಡಿಗಿಂತ ಇವುಗಳ ಬೈಗುಳವೇ ಇಷ್ಟ. ಬೆಕ್ಕು, ಹಾವು, ಗೂಬೆ ಯಾವುದೇ ಕಂಡರೂ ಮೊದಲು ಕೂಗೆಬ್ಬಿಸುವವರಲ್ಲಿ ಪಿಕಳಾರವೂ ಒಂದು. ದನಿ ಒರಟಾಗಿ, ಬಿಡುವಿಲ್ಲದೆ ಬರತೊಡಗಿದರೆ ಹಕ್ಕಿ ಯಾವ ಕಡೆಗೆ ಬಗ್ಗಿ ಕೂಗುತ್ತಿದೆ ಎಂದು ನೋಡಿ. ಪೊದೆಯೊಳಗೆ ಕೇರೆಹಾವೋ ಮೊಟ್ಟೆ ಕದಿಯಲು ಬಂದ ಕೆಂಬೂತವೋ ಇದ್ದೀತು. ಅಷ್ಟರಲ್ಲಿ ಅಕ್ಕಪಕ್ಕದ ಹರಟೆಮಲ್ಲಗಳೂ ಸೇರಿ ಗಲಾಟೆ ಜೋರಾಗಿರುತ್ತದೆ. ಈ ಜಗಳ ಅರ್ಥವಾಗತೊಡಗಿದರೆ ನೀವು ಅರ್ಧ ರಸಿಕರಾದಂತೆ.

ಹಾಡುಗಾರನ ಊಟವನ್ನೂ ನೋಡಿ. ಆಲ, ಅತ್ತಿ, ಬೇವು, ತೊಂಡೆ, ಲಂಟಾನ, ಯಾವ ಹಣ್ಣಾದರೂ ಸರಿ. ನುಂಗಿದ ಬೀಜ ಬೇಲಿಯಡಿ ಬಿದ್ದು ಮೊಳೆಯುತ್ತದೆ. ಶ್ರೀಗಂಧವನ್ನು ಬಿತ್ತುವುದರಲ್ಲೂ ಇದರ ಪಾಲಿದೆ. ಲಂಟಾನವನ್ನೂ ಹಬ್ಬಿಸುತ್ತದೆ ಎಂಬುದು ಬೇರೆ ಮಾತು. ರಸಬಾಳೆಯವರಿಗೆ ಇದರಿಂದ ಅಂಥ ಕಾಟವಿಲ್ಲ, ಗೊನೆ ಕಡಿಯುವುದು ಕಾಯಿ ಇರುವಾಗಲೇ.

ಆಫ್ರಿಕದ ಊರುಕೇರಿಗಳಲ್ಲಿ ಇದರ ದಾಯಾದಿಯೊಂದು ಇಷ್ಟೇ ಸಲಿಗೆಯಿಂದ ಬಾಳುತ್ತದೆ. 1766ರಲ್ಲಿ ಜೀವವಿಜ್ಞಾನಿ ಲಿನೇಯಸ್ ಮಸಿಬಣ್ಣದ ತಲೆಯ ನಮ್ಮ ಪಿಕಳಾರವನ್ನೇ ದಕ್ಷಿಣ ಆಫ್ರಿಕದ್ದೆಂದು ತಪ್ಪಾಗಿ ದಾಖಲಿಸಿದ. ಫಿಜಿ, ಹವಾಯಿಗಳಿಗೆ ಮನುಷ್ಯರೇ ಒಯ್ದ ಇದೇ ಹಕ್ಕಿ ಅಲ್ಲಿ ಬೆಳೆಗೆ ಪೀಡೆಯಾಗಿ, ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಸೇರಿದೆ. ತಪ್ಪು ಒಯ್ದವರದು.

ಪಂಜರದಲ್ಲಿಟ್ಟು ಕೇಳುವ ಆಸೆ ಬೇಡ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಬೇಸಿಗೆಯಲ್ಲಿ ದಾಸವಾಳದ ಗಿಡದಲ್ಲೋ ಬೇಲಿಯಲ್ಲೋ ಬಟ್ಟಲಿನಂಥ ಗೂಡು ಕಟ್ಟಿ ಎರಡು ಮೂರು ಮೊಟ್ಟೆಯಿಡುತ್ತದೆ. ಕಾವಿಗೆ ಸುಮಾರು 14 ದಿನ, ಮರಿ ಹಾರಲು ಇನ್ನೆರಡು ವಾರ. ಬೇಲಿ ಸವರುವ ಮುನ್ನ ಒಳಗೊಮ್ಮೆ ಇಣುಕಿ. ಗೂಡಿದ್ದರೆ ಒಂದು ತಿಂಗಳು ಮಚ್ಚು ಬದಿಗಿಡಿ.