ಲಾಸ್ವೆಲ್ಲರ ಪ್ರಶ್ನಸೂತ್ರವೂ ಕಾರಕವಿಚಾರವೂ

ರಾಜಕೀಯ ಸಂವಹನವೆಂಬ ಶಾಸ್ತ್ರವನ್ನು ಎಂ.ಎ. ತರಗತಿಗಳಲ್ಲಿ ವ್ಯಾಸಂಗಮಾಡುವವರಿಗೆ ಮೊಟ್ಟಮೊದಲು ಉಪದೇಶಿಸಲ್ಪಡುವ ವಿಷಯಗಳಲ್ಲಿ, ಅಮೆರಿಕಾ ದೇಶದ ಹೆರಾಲ್ಡ್ ಲಾಸ್ವೆಲ್ ಮಹಾಶಯರು 1948ರಲ್ಲಿ ಪ್ರಕಟಿಸಿದ ಪ್ರಶ್ನಸೂತ್ರವು ಒಂದಾಗಿರುತ್ತದೆ. ಹೇಳಿದವರು ಯಾರು, ಹೇಳಿದುದು ಏನು, ಯಾವ ಸಾಧನದಿಂದ, ಯಾರಿಗೆ, ಅದರಿಂದಾದ ಪರಿಣಾಮವೇನು ಎಂಬ ಐದು ಪ್ರಶ್ನೆಗಳಲ್ಲಿ ಅವರು ಸಂವಹನಕ್ರಿಯೆಯನ್ನೆಲ್ಲ ಅಡಗಿಸಿದರು. ಒಂದೊಂದು ಪ್ರಶ್ನೆಗೆ ಒಂದೊಂದು ಶೋಧನಶಾಖೆಯನ್ನೂ ನಿಯಮಿಸಿದರು. ಅಲ್ಪಾಕ್ಷರತ್ವವೂ ಅಸಂದಿಗ್ಧತ್ವವೂ ಸೂತ್ರದ ಲಕ್ಷಣಗಳಾದರೆ ಅವೆರಡೂ ಇಲ್ಲಿರುವುವು. ಆದರೆ ಸೂತ್ರವು ಸಾರವತ್ತಾಗಿಯೂ ಇರಬೇಕು. ಇದು ಹಾಗಿದೆಯೇ ಎಂಬುದು ವಿಚಾರಣೀಯವು.

ವ್ಯಾಕರಣವನ್ನು ಓದಿದವರಿಗೆ ಈ ಪ್ರಶ್ನೆಗಳು ಹಳೆಯ ಪರಿಚಯದವುಗಳೇ. ಕ್ರಿಯೆಯೊಂದನ್ನು ಹಿಡಿದು, ಅದರ ನಿಷ್ಪತ್ತಿಗೆ ಯಾವ ಯಾವ ವಸ್ತುಗಳು ನೆರವಾದುವೆಂದು ಕೇಳುವುದೇ ಕಾರಕವಿಚಾರವು. ಲಾಸ್ವೆಲ್ಲರ ಮೊದಲನೆಯ ಪ್ರಶ್ನೆಯು ಕರ್ತೃವನ್ನೂ, ಎರಡನೆಯದು ಕರ್ಮವನ್ನೂ, ಮೂರನೆಯದು ಕರಣವನ್ನೂ, ನಾಲ್ಕನೆಯದು ಸಂಪ್ರದಾನವನ್ನೂ ಹುಡುಕುತ್ತವೆ. ಐದನೆಯದು ಕಾರಕವಲ್ಲ, ಫಲ. ಹಾಗಾದರೆ ಆರು ಕಾರಕಗಳಲ್ಲಿ ಎರಡು ಉಳಿದುವು: ಅಧಿಕರಣ ಮತ್ತು ಅಪಾದಾನ. ಅಧಿಕರಣದ ಕೊರತೆಯನ್ನು ಅಮೆರಿಕದವರೇ ಬೇಗನೆ ಕಂಡುಕೊಂಡರು. 1958ರಲ್ಲಿ ರಿಚರ್ಡ್ ಬ್ರಾಡಕ್ ಎಂಬವರು ಯಾವ ಸಂದರ್ಭದಲ್ಲಿ, ಯಾವ ಉದ್ದೇಶದಿಂದ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿ ಸೂತ್ರವನ್ನು ವಿಸ್ತರಿಸಿದರು. ಅಪಾದಾನವು ಮಾತ್ರ ಆಗಲೂ ಹೊರಗೇ ಉಳಿಯಿತು.

ಮೊದಲು ಶೋತೃವಿನ ವಿಷಯ. ಮಾತನಾಡುವುದೆಂಬರ್ಥದ ಬ್ರೂ ಧಾತುವನ್ನು ವೈಯಾಕರಣರು ದ್ವಿಕರ್ಮಕಗಳಲ್ಲಿ ಎಣಿಸಿರುವರು. ಅಲ್ಲಿ ಹೇಳಿದ ವಿಷಯವೂ ಕರ್ಮ, ಕೇಳಿದವನೂ ಕರ್ಮ. ಕೊಡುವುದು ಮೊದಲಾದ ಕ್ರಿಯೆಗಳಲ್ಲಿಯಾದರೋ ಎದುರಿಗಿರುವವನು ಸಂಪ್ರದಾನ. ಕರ್ಮವಾದವನ ಮೇಲೆ ಕ್ರಿಯೆಯು ನಡೆಯುತ್ತದೆ. ಸಂಪ್ರದಾನವಾದವನಿಗೆ ಅದು ಸಲ್ಲುತ್ತದೆ. ಈ ಶಾಸ್ತ್ರದ ಪೂರ್ವಾರ್ಧದ ಚರಿತ್ರೆಯೆಲ್ಲವೂ ಈ ಭೇದದಲ್ಲಿಯೇ ಅಡಗಿದೆಯೆನ್ನಬಹುದು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಪ್ರಚಾರವು ಸರ್ವಶಕ್ತವೆಂಬ ಭೀತಿಯು ಪ್ರಬಲವಾಗಿದ್ದಿತು. ಶೋತೃವು ಬರಿಯ ಕರ್ಮವೆಂಬುದೇ ಅದರ ತಾತ್ಪರ್ಯ. ಇದನ್ನು ಅಲುಗಿಸಿದುದು ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಅವರ ಸಹಕಾರಿಗಳು 1944ರಲ್ಲಿ ಪ್ರಕಟಿಸಿದ ಗ್ರಂಥವು. 1940ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಒಹಾಯೋ ಸಂಸ್ಥಾನದ ಈರಿ ಕೌಂಟಿಯಲ್ಲಿ 600 ಮಂದಿ ಮತದಾರರನ್ನು ಮೇ ತಿಂಗಳಿಂದ ನವೆಂಬರಿನವರೆಗೆ ಮತ್ತೆ ಮತ್ತೆ ಪ್ರಶ್ನಿಸಿ ಅವರು ಕಂಡದ್ದೇನೆಂದರೆ, ಹೆಚ್ಚುಕಡಿಮೆ ಅರ್ಧದಷ್ಟು ಜನ ಮೇ ತಿಂಗಳಲ್ಲಿಯೇ ತಮ್ಮ ಮತವನ್ನು ನಿಶ್ಚಯಿಸಿದ್ದರು; ಪ್ರಚಾರದಿಂದ ಪಕ್ಷಾಂತರ ಹೊಂದಿದವರು ಅತ್ಯಲ್ಪ; ಜನರು ತಮಗೆ ಒಪ್ಪಿಗೆಯಾದ ಪಕ್ಷದ ಮಾತನ್ನೇ ಆಯ್ದು ಕೇಳುತ್ತಿದ್ದರು.

ಭರ್ತೃಹರಿಯು ಸಂಪ್ರದಾನವನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಕೊಟ್ಟುದನ್ನು ಬೇಡವೆನ್ನದೆ ಇರುವವನು, ತಾನೇ ಬೇಡಿ ಪ್ರೇರಿಸುವವನು, ಕೊಟ್ಟುದಕ್ಕೆ ಅನುಮತಿಸುವವನು. ಈರಿ ಕೌಂಟಿಯ ಮತದಾರರಲ್ಲಿ ಬಹುಮಂದಿ ಮೂರನೆಯ ಬಗೆಗೆ ಸೇರಿದವರು. ಬ್ಲಮ್ಲರ್ ಮತ್ತು ಕಾಟ್ಸ್ ಎಂಬವರ 1974ರ ಸಂಕಲನದಿಂದ ಪ್ರಸಿದ್ಧವಾದ ಪಕ್ಷವು, ಜನರು ತಮ್ಮ ಪ್ರಯೋಜನಕ್ಕಾಗಿ ಪತ್ರಿಕೆ ರೇಡಿಯೋಗಳನ್ನು ಬಳಸುತ್ತಾರೆನ್ನುವುದು, ಎರಡನೆಯ ಬಗೆಯ ನಿರೂಪಣವೇ ಸರಿ. ಬೇಡವೆನ್ನದೆ ಸುಮ್ಮನಿರುವ ಮೊದಲನೆಯವನನ್ನು ವಿಚಾರಿಸಿದವರು ಕಡಿಮೆ. ಆದರೂ ಈ ಭಾಗದಲ್ಲಿ ಶಾಸ್ತ್ರವು ಮಾಡಿರುವ ಪರಿಶ್ರಮವು ಶ್ಲಾಘ್ಯವು, ದೋಷವಿರುವುದು ಇಲ್ಲಲ್ಲ.

ದೋಷವಿರುವುದು ಕರ್ತೃವಿನಲ್ಲಿ. ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಹೇಳಿ, ಒಡನೆಯೇ ಆ ಕರ್ತೃವನ್ನು ಪ್ರೇರಿಸುವವನೊಬ್ಬನನ್ನು ಹೇಳುತ್ತಾನೆ. ಈ ಪ್ರಯೋಜಕನಿಗೂ ಕರ್ತೃವೆಂಬ ಸಂಜ್ಞೆಯುಂಟು. ಆದರೆ ಹೇತುವೆಂಬ ಬೇರೊಂದು ಸಂಜ್ಞೆಯೂ ಉಂಟು. ಮಾಡುವವನು ಬೇರೆ, ಮಾಡಿಸುವವನು ಬೇರೆ. ಕನ್ನಡದಲ್ಲಿ ಇದು ಧಾತುವಿನಲ್ಲಿಯೇ ಕಾಣುತ್ತದೆ: ನುಡಿದನು, ನುಡಿಸಿದನು, ಹಳ್ಳಿಯ ಬಾಲಕನಿಗೂ ಈ ಭೇದವನ್ನು ಕಲಿಸಬೇಕಾಗಿಲ್ಲ. ಹೇಳಿಕೆಗೆ ಪ್ರೇರಕಗಳಾದ ಕಾರಣಗಳನ್ನು ಮೊದಲನೆಯ ಪ್ರಶ್ನೆಯಲ್ಲಿಯೇ ವಿಚಾರಿಸಬಹುದೆಂದು ಲಾಸ್ವೆಲ್ಲರು ಸಮಾಧಾನ ಹೇಳಿರುವುದು ನಿಜ. ಆದರೆ ಇಬ್ಬರಿಗೆ ಒಂದೇ ಹೆಸರಿಟ್ಟಲ್ಲಿ ಒಬ್ಬನೇ ಕಣ್ಣಿಗೆ ಬೀಳುತ್ತಾನೆ, ಮುಂದೆ ನಿಂತವನು.

ಇದು ಪದವಿಚಾರ ಮಾತ್ರವೆಂದು ಎಣಿಸಬಾರದು. 1917ರಲ್ಲಿ ಅಮೆರಿಕವು ಯುದ್ಧಕ್ಕೆ ಇಳಿದಾಗ ಅಲ್ಲಿಯ ಸರ್ಕಾರವು ಜಾರ್ಜ್ ಕ್ರೀಲರ ಅಧ್ಯಕ್ಷತೆಯಲ್ಲಿ ಪ್ರಚಾರಸಮಿತಿಯೊಂದನ್ನು ಸ್ಥಾಪಿಸಿತು. ಚಲಚ್ಚಿತ್ರಮಂದಿರಗಳಲ್ಲಿ ಸುರುಳಿ ಬದಲಾಯಿಸುವ ನಾಲ್ಕು ನಿಮಿಷಗಳ ಬಿಡುವಿನಲ್ಲಿ ಭಾಷಣ ಮಾಡುವುದಕ್ಕೆ ಸುಮಾರು 75,000 ಮಂದಿ ಊರವರು ಏರ್ಪಟ್ಟರು. ನೋಡುವವರಿಗೆ ಎದುರಿಗೆ ನಿಂತವನು ನೆರೆಯ ವಕೀಲ, ಪರಿಚಿತನಾದ ವರ್ತಕ. ಅವನಾಡುವ ಮಾತಿನ ವಿಷಯವೂ ಸಾಮಗ್ರಿಯೂ ವಾಷಿಂಗ್ಟನ್ನಿನ ಸಮಿತಿಯ ಪತ್ರಿಕೆಗಳಿಂದ ಬಂದುವು. ನೆರೆಯವನ ಮೇಲಿನ ನಂಬಿಕೆಯೇ ಆ ಏರ್ಪಾಡಿನ ಬಲ. ಪ್ರಯೋಜ್ಯಕರ್ತೃವನ್ನು ಮುಂದೆ ನಿಲ್ಲಿಸಿ ಪ್ರಯೋಜಕನು ಹಿಂದೆ ಸರಿಯುವ ವಿದ್ಯೆಯು ಆ ಕಾಲದಿಂದ ಈಚೆಗೆ ಒಂದು ವೃತ್ತಿಯೇ ಆಯಿತು.

ಇನ್ನೊಂದು ಸಂಗತಿಯು ಇನ್ನೂ ಸ್ಪಷ್ಟವಾದುದು. 1990ರ ಅಕ್ಟೋಬರ್ 10ರಂದು ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರ ಮಾನವಹಕ್ಕುಗಳ ಮಂಡಲಿಯ ಮುಂದೆ ಕುವೈತಿನ ಹದಿನೈದು ವರ್ಷದ ಬಾಲೆಯೊಬ್ಬಳು ಸಾಕ್ಷ್ಯ ನುಡಿದಳು. ಇರಾಕಿನ ಸೈನಿಕರು ಆಸ್ಪತ್ರೆಯಲ್ಲಿ ಶಿಶುಗಳನ್ನು ಇನ್‌ಕ್ಯುಬೇಟರುಗಳಿಂದ ತೆಗೆದು ನೆಲದ ಮೇಲೆ ಸಾಯಬಿಟ್ಟರೆಂಬುದು ಅವಳ ಮಾತು. ಅದು ದೂರದರ್ಶನದಲ್ಲಿ ಹರಡಿತು. ಅಧ್ಯಕ್ಷ ಬುಷ್‌ರೂ ಅನೇಕ ಸೆನೆಟರುಗಳೂ ಅದನ್ನು ಉದಾಹರಿಸಿದರು. 1991ರ ಜನವರಿಯಲ್ಲಿ ಯುದ್ಧವು ಆರಂಭವಾಯಿತು. ಆ ಬಾಲೆಯು ಕುವೈತಿನ ರಾಯಭಾರಿಯ ಮಗಳೆಂಬುದೂ, ಸಾಕ್ಷ್ಯದ ಏರ್ಪಾಡಿನಲ್ಲಿ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರಸಂಸ್ಥೆಯ ಕೈಯಿದ್ದುದೂ, ಆ ಸಂಸ್ಥೆಯನ್ನು ಗೊತ್ತುಮಾಡಿಕೊಂಡ ಸಂಘಕ್ಕೆ ಬಹುಪಾಲು ಹಣವು ಕುವೈತ್ ಸರ್ಕಾರದಿಂದಲೇ ಬಂದಿದ್ದುದೂ 1992ರ ಹೊತ್ತಿಗೆ ಬಯಲಾದುವು. ಆ ಮಾತನ್ನು ಮೊದಲು ಅನುಮೋದಿಸಿದ್ದ ಆಮ್ನೆಸ್ಟಿ ಸಂಸ್ಥೆಯು ಯುದ್ಧವು ಮುಗಿದ ಮೇಲೆ ಹಿಂತೆಗೆದುಕೊಂಡಿತು.

ಈಗ ಐದು ಪ್ರಶ್ನೆಗಳನ್ನು ಇಲ್ಲಿಗೆ ಹೊಂದಿಸಿ ನೋಡತಕ್ಕುದು. ಯಾರು? ಒಬ್ಬ ಬಾಲೆ. ಏನು? ಶಿಶುಹತ್ಯೆ. ಯಾವುದರಿಂದ? ದೂರದರ್ಶನದಿಂದ. ಯಾರಿಗೆ? ಅಮೆರಿಕದ ಪ್ರಜೆಗಳಿಗೆ. ಪರಿಣಾಮ? ಕೋಪ, ಮರುಕ. ಐದಕ್ಕೂ ಉತ್ತರ ದೊರೆಯಿತು, ಐದೂ ಸರಿಯೇ. ಆದರೂ ನಡೆದುದೇನೆಂಬುದು ಗೊತ್ತಾಗಲಿಲ್ಲ. ಯಾರು ನುಡಿಸಿದರು, ಮಾತು ಎಲ್ಲಿಂದ ಹೊರಟಿತು ಎಂದು ಕೇಳಿದ್ದರೆ ವಿಷಯವು ಬೇರೆಯಾಗುತ್ತಿದ್ದಿತು. ಅಪಾದಾನ ಪ್ರಕರಣದಲ್ಲಿ ವೈಯಾಕರಣರು ಮಾಡಿರುವ ಒಂದು ಸೂಕ್ಷ್ಮವಿವೇಚನೆಯು ಇಲ್ಲಿ ಸ್ಮರಣೀಯವು. ನಿಯಮಪೂರ್ವಕವಾಗಿ ವಿದ್ಯೆ ಕಲಿಯುವಲ್ಲಿ ಹೇಳಿಕೊಡುವ ಉಪಾಧ್ಯಾಯನು ಅಪಾದಾನವಾಗುತ್ತಾನೆ. ನಟನಿಂದ ಗಾಥೆಯನ್ನು ಕೇಳುವಲ್ಲಿ ನಟನಿಗೆ ಆ ಸಂಜ್ಞೆಯಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಕಾರಕಗಳು ವಕ್ತೃವಿನ ವಿವಕ್ಷೆಯನ್ನು ಅನುಸರಿಸುವುವಲ್ಲದೆ ಲೋಕದ ವಸ್ತುಸ್ಥಿತಿಯನ್ನಲ್ಲ. ಅನ್ನ ಬೇಯಿಸುವ ಪಾತ್ರೆಯನ್ನೂ ಕರ್ತೃವಾಗಿ ಹೇಳಬಹುದಲ್ಲವೇ ಎಂದು ಕೇಳಬಹುದು. ಈ ಆಕ್ಷೇಪವು ಸಿದ್ಧಾಂತವನ್ನು ಬಲಪಡಿಸುವುದೇ ಹೊರತು ಕೆಡಿಸುವುದಿಲ್ಲ. ರಾಜಕೀಯದ ಮಾತಿನಲ್ಲಿ ಪರೀಕ್ಷಿಸಬೇಕಾದುದು ಆ ವಿವಕ್ಷೆಯನ್ನೇ. ಇರಾನಿಗೆ ಆಯುಧಗಳನ್ನು ಮಾರಿದ ಪ್ರಕರಣದಲ್ಲಿ ಅಧ್ಯಕ್ಷ ರೇಗನ್ನರು 1987ರ ಜನವರಿಯ ಭಾಷಣದಲ್ಲಿ ತಪ್ಪುಗಳಾದುವೆಂದು ಕರ್ಮಣಿಪ್ರಯೋಗದಲ್ಲಿ ಒಪ್ಪಿಕೊಂಡರು; ಮಾಡಿದವರು ಯಾರೆಂಬುದಕ್ಕೆ ಆ ವಾಕ್ಯದಲ್ಲಿ ಸ್ಥಳವೇ ಇರಲಿಲ್ಲ. ಪದಗಳನ್ನು ಎಣಿಸುವ ಪದ್ಧತಿಯು ತಪ್ಪೆಂಬ ಪದವನ್ನು ಒಂದು ಸಲ ಎಣಿಸಿ ಮುಂದಕ್ಕೆ ಹೋಗುತ್ತದೆ. ಇಲ್ಲದ ಕರ್ತೃವನ್ನು ಎಣಿಸುವ ಅಂಕಣವು ಅದರಲ್ಲಿಲ್ಲ. 1979ರಲ್ಲಿ ರೋಜರ್ ಫೌಲರ್ ಮೊದಲಾದವರು ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟೋನಿ ಟ್ರೂ ಎಂಬವರು, 1975ರಲ್ಲಿ ರೊಡೀಷಿಯದ ಸಾಲ್ಸ್‌ಬರಿ ನಗರದಲ್ಲಿ ಪೊಲೀಸರು ಗುಂಡುಹಾರಿಸಿದ ವರ್ತಮಾನವನ್ನು ಎರಡು ಲಂಡನ್ ಪತ್ರಿಕೆಗಳು ಬರೆದ ರೀತಿಯನ್ನು ಹೋಲಿಸಿ, ಕರ್ತೃವು ವಾಕ್ಯದ ಮೊದಲಿನಿಂದ ಹಿಂದಕ್ಕೆ, ಹಿಂದಿನಿಂದ ಅದೃಶ್ಯಕ್ಕೆ ಹೇಗೆ ಸರಿಯುತ್ತಾನೆಂಬುದನ್ನು ತೋರಿಸಿಕೊಟ್ಟರು. ಮತದಾರರನ್ನು ಎಣಿಸುವ ಪಾಠಕ್ಕೂ ವಾಕ್ಯವನ್ನು ಬಿಡಿಸುವ ಈ ಪಾಠಕ್ಕೂ ಒಂದೇ ಗುರುಪೀಠವು ದೊರೆಯದಿರುವುದು ವಿಷಾದಕರವು.

ಈ ವ್ಯಾಸಂಗವನ್ನು ಮುಗಿಸಿದವರು ಹೋಗುವ ಸ್ಥಳಗಳು ಮುಖ್ಯವಾಗಿ ಎರಡು: ವೃತ್ತಪತ್ರಿಕೆ ದೂರದರ್ಶನಗಳ ಕಚೇರಿ ಒಂದು, ಪಕ್ಷಗಳ ಮತ್ತು ಸರ್ಕಾರಗಳ ಪ್ರಚಾರಶಾಲೆ ಇನ್ನೊಂದು. ಎರಡನೆಯ ಕಡೆಗೆ ಹೋಗುವವನಿಗೆ ಐದು ಪ್ರಶ್ನೆಗಳೇ ಸಾಕು. ಅವನು ಬೇಕೆಂದೇ ತಾನು ಕಾಣಿಸಿಕೊಳ್ಳದಿರುವ ಪ್ರಯೋಜಕನು. ಮೊದಲನೆಯ ಕಡೆಗೆ ಹೋಗುವವನಿಗೆ ಸಾಲವು. 2018ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 13 ಮಂದಿ ರಷ್ಯದವರ ಮೇಲೂ ಮೂರು ಸಂಸ್ಥೆಗಳ ಮೇಲೂ ಹೊರಿಸಲ್ಪಟ್ಟ ಆರೋಪವು, ಅವರು ಫೇಸ್‌ಬುಕ್ ಮೊದಲಾದುವುಗಳಲ್ಲಿ ಅಮೆರಿಕದ ಪ್ರಜೆಗಳಂತೆ ಹೆಸರಿಟ್ಟುಕೊಂಡು ಬರೆದರೆಂಬುದೇ. ಅಲ್ಲಿ ಯಾರು ಎಂಬ ಮೊದಲನೆಯ ಪ್ರಶ್ನೆಗೇ ಸಿದ್ಧವಾದ ಸುಳ್ಳು ಉತ್ತರವೊಂದು ಮೊದಲೇ ಬರೆದಿಡಲ್ಪಟ್ಟಿದ್ದಿತು. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯು ಆ ಹೆಸರನ್ನು ನಕಲುಮಾಡಿಕೊಟ್ಟರೆ ಲಾಸ್ವೆಲ್ಲರ ಸೂತ್ರದ ಮೇರೆಗೆ ಅವನಿಗೆ ಅಂಕಗಳನ್ನು ಕೊಡಲೇಬೇಕಾಗುತ್ತದೆ.