ನಿರಾಕರಿಸಿದ ನೋಟಿನ ಬೆಲೆ

ಬ್ರಿಟಿಷರ ಕಾಲದ ನೋಟುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಒಂದು ವಿಚಿತ್ರ ನಿಯಮವಿದೆ. ಯಾರ ಜೇಬಿಗೂ ಇಳಿಯದ, ಒಂದು ಮಡಿಕೆಯೂ ಬೀಳದ ನೋಟಿಗೇ ಹೆಚ್ಚು ಬೆಲೆ. ಹಣ ಇರುವುದೇ ಕೈಯಿಂದ ಕೈಗೆ ದಾಟಲು. ಹಾಗೆ ದಾಟಿದ ಗುರುತೇ ಇಲ್ಲಿ ದೋಷವೆನಿಸುತ್ತದೆ.

1861ರ ಕಾಯ್ದೆಯಿಂದ ನೋಟು ಹೊರಡಿಸುವ ಹಕ್ಕು ಸರ್ಕಾರದ ಪಾಲಾಯಿತು. ಆ ಕಾಲದ ವ್ಯಾಪಾರಿಗಳು ದೊಡ್ಡ ನೋಟನ್ನು ಎರಡಾಗಿ ಕತ್ತರಿಸಿ ಅಂಚೆಗೆ ಹಾಕುತ್ತಿದ್ದರು. ಒಂದರ್ಧ ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದರ್ಧ ಹೊರಡುತ್ತಿತ್ತು. ಹಾಗೆ ಕೂಡಿಸಿ ಅಂಟಿಸಿದ ನೋಟಿನಲ್ಲಿ ಅಂದಿನ ವ್ಯಾಪಾರದ ನಂಬಿಕೆ, ಅಂಜಿಕೆ ಎರಡೂ ಇವೆ. ಹರಾಜಿನ ಪಟ್ಟಿಗಳು ಸಹಿ, ಸಂಖ್ಯೆ, ಸ್ಥಿತಿಯನ್ನಷ್ಟೇ ಹೇಳಿ ಮುಂದೆ ಹೋಗುತ್ತವೆ.

ಈ ಪಟ್ಟಿಗಳು ಬೇಡವೆಂದಲ್ಲ. ಬೆಂಗಳೂರಿನ ರಿಜ್ವಾನ್ ರಜಾಕ್ ಅವರು ಕಿಶೋರ್ ಜುಂಝುನ್‌ವಾಲಾ ಅವರೊಡನೆ 2012ರಲ್ಲಿ ತಂದ ಕೈಪಿಡಿ ಈ ಕ್ಷೇತ್ರಕ್ಕೊಂದು ಶಿಸ್ತು ಕೊಟ್ಟಿತು. ಅವರ ಸಂಗ್ರಹ 2020ರಲ್ಲಿ ಬೆಂಗಳೂರಿನಲ್ಲೇ ಮ್ಯೂಸಿಯಂ ಆಯಿತು. ಆದರೆ ಅವರಲ್ಲಿ ಈ ಹವ್ಯಾಸ ಹುಟ್ಟಿಸಿದ್ದು ಮಾಸದ ನೋಟಲ್ಲ. ಅಜ್ಜನ ತಿಜೋರಿಯಲ್ಲಿ ಸಿಕ್ಕಿದ, 'ಪಾಕಿಸ್ತಾನದ ನೋಟು, ಪಾವತಿ ಇಲ್ಲ' ಎಂಬರ್ಥದ ಮೊಹರು ಬಿದ್ದ ನೋಟುಗಳು.

ಆ ನೋಟುಗಳನ್ನು ಸ್ವಲ್ಪ ನಿಂತು ನೋಡಬೇಕು. 1947ರಲ್ಲಿ ದೇಶ ಒಡೆದಾಗ ಪಾಕಿಸ್ತಾನಕ್ಕೆ ತನ್ನದೇ ಕೇಂದ್ರ ಬ್ಯಾಂಕು ಇರಲಿಲ್ಲ. ಅದು ಶುರುವಾದದ್ದು 1948ರ ಜುಲೈ 1ರಂದು. ಅಲ್ಲಿಯವರೆಗಿನ ವ್ಯವಸ್ಥೆಯಾಗಿ ನಾಸಿಕದಲ್ಲಿ ಅಚ್ಚಾದ ರಿಸರ್ವ್ ಬ್ಯಾಂಕಿನ ನೋಟುಗಳ ಮೇಲೆಯೇ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಪಾಕಿಸ್ತಾನ ಸರ್ಕಾರದ ಹೆಸರು ಒತ್ತಿದರು. ಅದೇ ಕಾಗದ, ಅದೇ ಆರನೇ ಜಾರ್ಜ್, ಅದೇ ಸಹಿ. 'ಹುಕೂಮತೆ ಪಾಕಿಸ್ತಾನ್' ಎಂಬ ಎರಡು ಪದ ಬಿದ್ದದ್ದೇ ತಡ, ಅದು ಗಡಿಯ ಈಚೆ ಚಲಾವಣೆಯಾಗದ ಕಾಗದವಾಯಿತು.

ನೋಟಿನ ಬೆನ್ನು ತಿರುಗಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿ ಎಂಟು ಭಾಷೆಗಳಲ್ಲಿ ಮೊತ್ತ ಬರೆದಿದೆ. ಕನ್ನಡವೂ ಇದೆ, ಉರ್ದುವೂ ಇದೆ. ಕರಾಚಿಯ ಅಂಗಡಿಯವನು ಎಣಿಸಿದ ನೋಟಿನಲ್ಲಿ ಕನ್ನಡ ಅಕ್ಷರಗಳಿದ್ದವು. ಹಿಂದೆ ಉರ್ದು ಎಂಟರಲ್ಲಿ ಒಂದು ನುಡಿ, ಮುಂದೆ ಅದೇ ಉರ್ದು ಬೇರೆ ರಾಷ್ಟ್ರದ ಗುರುತು. ಉರ್ದುವನ್ನು ಹೊರಗಿನ ಭಾಷೆಯೆಂದು ಕಾಣುವವರು ನೆನಪಿಟ್ಟುಕೊಳ್ಳುವುದು ಮುಂಬದಿಯನ್ನಷ್ಟೇ. ಇಂದಿನ ನಮ್ಮ ನೋಟಿನ ಹಿಂಬದಿಯಲ್ಲೂ ಕನ್ನಡದ ಜೊತೆ ಉರ್ದು ಇದ್ದೇ ಇದೆ.

ಸಂಗ್ರಹಕಾರರ ಭಾಷೆಯಲ್ಲಿ ಇದು 'ಮೇಲಚ್ಚಿನ ಮಾದರಿ' ಅಷ್ಟೆ. ಮೊಹರು ಬಿದ್ದರೆ ಅಂದ ಕೆಟ್ಟಿತೆನ್ನುವವರೂ ಇದ್ದಾರೆ. ಆದರೆ ಯಾರೋ ದುಡಿದ ಹಣ ರಾತ್ರಿ ಕಳೆಯುವುದರೊಳಗೆ ಬರಿ ಕಾಗದವಾದದ್ದಕ್ಕೆ ಆ ಮೊಹರೊಂದೇ ಸಾಕ್ಷಿ. ಸಂಗ್ರಹ ಚರಿತ್ರೆಯಾಗಬೇಕಾದರೆ ನೋಟಿನ ಸಂಖ್ಯೆಯ ಪಕ್ಕದಲ್ಲಿ ಈ ಮಾತನ್ನೂ ಬರೆಯಬೇಕು.