ಕವಿಯ ದಿನಚರಿಯೂ ಕಾವ್ಯದ ಪರೀಕ್ಷೆಯೂ

ಗ್ರಂಥಕ್ಕಿಂತ ಗ್ರಂಥಕರ್ತನ ದಿನಚರಿಯೇ ಲೋಕಕ್ಕೆ ಹೆಚ್ಚು ರುಚಿಸುವುದು ಹೊಸತಲ್ಲ. ಕುಮಾರವ್ಯಾಸನು ಮಿಂದು ಬಂದು, ಗದುಗಿನ ವೀರನಾರಾಯಣನ ಗುಡಿಯಲ್ಲಿ ಒದ್ದೆಬಟ್ಟೆಯಲ್ಲೇ ಕುಳಿತು, ಅದು ಆರುವವರೆಗೆ ಮಾತ್ರ ಭಾರತವನ್ನು ರಚಿಸುತ್ತಿದ್ದನೆಂಬ ಐತಿಹ್ಯವನ್ನು ಬಲ್ಲವರೆಲ್ಲರೂ ಒಂದು ಪರ್ವವನ್ನಾದರೂ ಪೂರ್ತಿಯಾಗಿ ಓದಿದವರಲ್ಲ. ನಮಗೆ ಸಮೀಪದ ಕಾಲದಲ್ಲಿ ಈ ಭಾಗ್ಯವು, ಅಥವಾ ದೌರ್ಭಾಗ್ಯವು, ಬೆಂಗಳೂರಿನ ಟಿ. ಪಿ. ಕೈಲಾಸಂ ಅವರ ಪಾಲಿಗೆ ಬಂದಿತು.

ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ವ್ಯಾಸಂಗ ಮಾಡಿ, ಬಂದ ಸರಕಾರಿ ಉದ್ಯೋಗವನ್ನು ಬಿಟ್ಟು, 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿ, 1946ರಲ್ಲಿ ಕಾಲವಾದ ಈ ಮಹನೀಯರು ಲೇಖನಿ ಹಿಡಿದು ಬರೆದುದಕ್ಕಿಂತ ಬಾಯಲ್ಲಿ ಹೇಳಿ ಬರೆಯಿಸಿದುದೇ ಹೆಚ್ಚು. ‘ನೂಕ್’ ಎಂದು ಅವರು ಕರೆಯುತ್ತಿದ್ದ ಕೊಳಕು ಬಿಡಾರ, ಒಂದರ ಹಿಂದೊಂದು ಸಿಗರೇಟು, ರಾತ್ರಿ ಹತ್ತು ಗಂಟೆಯಾದ ಮೇಲೆ ಶಿಷ್ಯರಿಗೆ ನಾಟಕವನ್ನು ಹೇಳಿ ಬರೆಯಿಸುವ ಅಭ್ಯಾಸ—ಇವು ಕಥೆಗಳಾಗಿ ಹರಡಿವೆ. ಇದನ್ನು ಹುಚ್ಚಾಟವೆಂದು ನಗುವವರುಂಟು. ಪ್ರತಿಭೆಯ ಲಕ್ಷಣವೇ ಇದೆಂದು ಕೊಂಡಾಡುವವರೂ ಉಂಟು. ಇವೆರಡರಲ್ಲಿ ಯಾವುದೂ ವಿಮರ್ಶೆಯೆನಿಸದು. ಆ ದಿನಚರಿ ಕೃತಿಗೆ ಏನನ್ನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ನಮ್ಮ ಆಲಂಕಾರಿಕರಲ್ಲಿ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಚರ್ಯೆಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಹಗಲಿನ ಮೊದಲ ಜಾವ ಶಾಸ್ತ್ರಪರಿಶೀಲನೆಗೆ, ಎರಡನೆಯದು ಕಾವ್ಯರಚನೆಗೆ, ಭೋಜನಾನಂತರ ಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ರಚಿಸಿದುದರ ಪರೀಕ್ಷೆಗೆ. ಪರೀಕ್ಷೆಯಲ್ಲಿ ಉಳಿದುದನ್ನು ಸಾಯಂಸಂಧ್ಯೆಯ ತರುವಾಯ ಬರೆದಿಡಬೇಕು. ಬರೆದುಕೊಳ್ಳುವವನೂ ಭಾಷಾಪಂಡಿತನೂ ಇಂಗಿತಜ್ಞನೂ ಸ್ವತಃ ಕವಿಯೂ ಆಗಿರಬೇಕೆನ್ನುತ್ತಾನೆ. ಹಾಗೆಂದು ಆತನು ಎಲ್ಲರನ್ನೂ ಒಂದೇ ಗಡಿಯಾರಕ್ಕೆ ಕಟ್ಟಲಿಲ್ಲ. ಗುಹೆಯನ್ನೋ ನೆಲಮನೆಯನ್ನೋ ಹೊಕ್ಕು ನಿಷ್ಠೆಯಿಂದ ರಚಿಸುವ ‘ಅಸೂರ್ಯಂಪಶ್ಯ’ ಕವಿಗೆ ಸರ್ವಕಾಲವೂ ಕಾವ್ಯಕಾಲವೇ ಎಂದು ಒಪ್ಪಿದನು. ಕೈಲಾಸಂ ಅವರ ರಾತ್ರಿಗಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆಯಿಲ್ಲ.

ಆ ರಾತ್ರಿಗಳಿಂದ ಕನ್ನಡಕ್ಕಾದ ಲಾಭ ದೊಡ್ಡದು. ‘ನಮ್ ಕಂಪ್ನಿ’, ‘ನಮ್ ಬ್ರಾಹ್ಮಣ್ಕೆ’—ಈ ಹೆಸರುಗಳನ್ನೇ ನೋಡಿರಿ. ಇಂಥ ಲೋಪಗಳಿಗೆ ನಾವು ಓದಿದ ಸಂಧಿಪ್ರಕರಣದಲ್ಲಿ ಸೂತ್ರವಿಲ್ಲ. ಆದರೆ ಬಸವನಗುಡಿಯ, ಚಾಮರಾಜಪೇಟೆಯ ಜಗುಲಿಗಳ ಮೇಲೆ ಆಡುತ್ತಿದ್ದ ಮಾತು ಇದೇ. ಇಂಗ್ಲಿಷನ್ನು ಅರ್ಧ ನುಂಗಿ ಅರ್ಧ ಉಗುಳುವ ವಕೀಲ ಗುಮಾಸ್ತರ ಸಂಭಾಷಣೆಯನ್ನು ಕಾಗದದ ಮುಂದೆ ಕುಳಿತವನ ಕೈ ತಿದ್ದಿಬಿಡುತ್ತಿತ್ತು, ಬಾಯಿ ತಿದ್ದಲಿಲ್ಲ. ‘ಟೊಳ್ಳು ಗಟ್ಟಿ’ಯ ಪರೀಕ್ಷಾಪ್ರವೀಣ ಪುಟ್ಟುವೂ ಪರೀಕ್ಷೆಯಲ್ಲಿ ಹಿಂದುಳಿದರೂ ಮನುಷ್ಯತ್ವದಲ್ಲಿ ಮುಂದಾದ ಮಾಧುವೂ ತಮ್ಮ ತಮ್ಮ ದನಿಯಿಂದಲೇ ನಮಗೆ ಗುರುತಾಗುತ್ತಾರೆ.

ನಷ್ಟವೂ ಅಷ್ಟೇ ಸ್ಪಷ್ಟ. ರಾಜಶೇಖರನ ನಾಲ್ಕನೆಯ ಜಾವವು ಈ ದಿನಚರಿಯಲ್ಲಿ ಬರಲೇ ಇಲ್ಲ. ಕೇಳುವವರು ನಕ್ಕಷ್ಟೂ ಹೇಳುವವರ ಶ್ಲೇಷೆ ಬೆಳೆಯುತ್ತದೆ. ಬೆಳೆದ ಶ್ಲೇಷೆ ಅಚ್ಚಿನಲ್ಲಿ ನಿಂತಾಗ ಕಥೆಯ ದಾರಿಗೆ ಅಡ್ಡವಾಗುತ್ತದೆ. ಒಂದೇ ನಾಟಕವನ್ನು ಎರಡು ರಾತ್ರಿ ಹೇಳಿದರೆ ಅದು ಎರಡು ನಾಟಕವಾಗುವುದು ಸಹಜ. ಆದಕಾರಣ ನಮಗೆ ದೊರೆತಿರುವ ಪಾಠವು ಕವಿಯ ಉಸಿರಿನಷ್ಟೇ ಬರೆದುಕೊಂಡವನ ಕಿವಿಗೂ ಋಣಿಯಾಗಿದೆ.

ಇದಕ್ಕೆ ಪ್ರತಿಯಾಗಿ ಗವಿಪುರದ ಮಾಸ್ತಿಯವರನ್ನು ನೆನೆಯಬಹುದು. 1914ರಿಂದ 1943ರವರೆಗೆ ಸಂಸ್ಥಾನದ ಸೇವೆ, ಅನಂತರ ‘ಜೀವನ’ ಪತ್ರಿಕೆ, ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿನಲ್ಲಿ ಇಸ್ಪೀಟು. 1986ರಲ್ಲಿ ತೀರಿಕೊಂಡ ಆ ಹಿರಿಯರ ನಿಯಮವೇ ನೋಡುವವರಿಗೆ ಸೋಜಿಗವಾಗಿತ್ತು. ಅವರ ಕತೆಗಳಲ್ಲಿಯೂ ಎದುರಿಗೆ ಕುಳಿತು ಹೇಳುವ ದನಿಯೇ ಇದೆ. ಆದರೆ ಅಲ್ಲಿ ಹೇಳುವವನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲವನು. ಕ್ಲಬ್ಬಿಗೆ ಹೋದವರೆಲ್ಲ ಮಾಸ್ತಿಯಾಗಲಿಲ್ಲ, ನಿದ್ದೆಗೆಟ್ಟವರೆಲ್ಲ ಕೈಲಾಸಂ ಆಗಲಿಲ್ಲ. ದಿನಚರಿಯಿಂದ ಶಕ್ತಿ ಹುಟ್ಟದು. ಇದ್ದ ಶಕ್ತಿಯ ಮೇಲೆ ಅದು ತನ್ನ ಗುರುತನ್ನು ಮಾತ್ರ ಬಿಡುತ್ತದೆ.

ತರುಣ ಲೇಖಕರಲ್ಲಿ ಹಲವರಿಗೆ ಕೈಲಾಸಂ ಅವರ ಸಿಗರೇಟಿನ ಹೊಗೆ ಅನುಕರಣೀಯವಾಗಿ ಕಾಣುತ್ತದೆ. ಅನುಕರಣೆಗೆ ಯೋಗ್ಯವಾದುದು ಅವರ ಕಿವಿ. ಅದು ನಿದ್ದೆಗೆಡುವುದರಿಂದ ಬರುವಂಥದಲ್ಲ, ಜನರ ನಡುವೆ ಬಾಳಿ ಅವರ ಮಾತನ್ನು ಆಲಿಸಿದರೆ ಬರುವಂಥದು. ಇನ್ನು ಓದುಗರಾದ ನಮ್ಮ ಕರ್ತವ್ಯವೊಂದುಂಟು. ಕೈಲಾಸಂ ಅವರ ಕಥೆಗಳನ್ನು ಹೇಳಿ ನಗುವ ಮನೆಗಳಲ್ಲಿ ಅವರ ಒಂದು ನಾಟಕವನ್ನು ನಾಲ್ಕು ಜನ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಲಿ. ಎಲ್ಲಿ ಮಾತು ಜೀವಂತ, ಎಲ್ಲಿ ಮಾತು ಅತಿಯಾಯಿತು ಎಂಬುದು ತಾನಾಗಿ ಕೇಳಿಸುತ್ತದೆ. ಕವಿಯು ಕಳೆಯದೆ ಬಿಟ್ಟ ನಾಲ್ಕನೆಯ ಜಾವವನ್ನು ಸಹೃದಯರು ಹೀಗೆ ಅವರ ಪರವಾಗಿ ಕಳೆಯಬಹುದು.